ರ‍್ಯಾಕಿಗೇರಿದ ಮಾತ್ರಕ್ಕೆ ಗೆದ್ದಂತಲ್ಲ

ಸ್ವಂತ ಹೆಸರಿನಲ್ಲಿ ಉಡುಪು ತಯಾರಿಸಿ ಮಾರಹೊರಟವರನ್ನು ನಾವು ಕೇಳುವುದು ಒಂದೇ ಪ್ರಶ್ನೆ: ಯಾವ ದೊಡ್ಡ ಮಳಿಗೆಯಲ್ಲಿ ಸಿಗುತ್ತದೆ? ಮಾಲ್‌ನೊಳಗಿನ ಸರಣಿ ಮಳಿಗೆಯೊಂದು ಒಪ್ಪಿತೆಂದರೆ ನೆಂಟರು ಅಭಿನಂದಿಸುತ್ತಾರೆ, ವಾಣಿಜ್ಯ ಪುಟಗಳು ಬೆನ್ನು ತಟ್ಟುತ್ತವೆ. ಈ ಮನ್ನಣೆ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. 1991ರಲ್ಲಿ ಮುಂಬೈನ ಅಂಧೇರಿಯಲ್ಲಿ ಶಾಪರ್ಸ್ ಸ್ಟಾಪ್ ಬಾಗಿಲು ತೆರೆದಲ್ಲಿಂದ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಯಾರೂ ಬರೆಯದ್ದು, ಕರಾರುಪತ್ರದ ಒಂದು ಷರತ್ತು: ಮಾರಾಟವಾದರೆ ಹಣ, ಆಗದಿದ್ದರೆ ಮಾಲು ವಾಪಸು. ವ್ಯಾಪಾರದವರು ಇದನ್ನು ಎಸ್‌ಒಆರ್ ಎನ್ನುತ್ತಾರೆ.

ಈ ಷರತ್ತು ಹೊಸದೇನಲ್ಲ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಂ ಇದನ್ನು ಗುರುತಿಸಿದೆ. ಹೀಗೆ ಕಳಿಸಿದ ಸರಕನ್ನು ಪಡೆದವನು ಒಪ್ಪಿಗೆ ತಿಳಿಸಿದರೆ, ಒಪ್ಪಿದವನಂತೆ ನಡೆದುಕೊಂಡರೆ, ಇಲ್ಲವೇ ಬೇಡವೆನ್ನದೆ ಗಡುವು ಮೀರಿ ಇಟ್ಟುಕೊಂಡರೆ ಅದು ಅವನದಾಗುತ್ತದೆ. ಗಡುವು ಗೊತ್ತುಮಾಡಿರದಿದ್ದರೆ ನ್ಯಾಯವೆನಿಸುವಷ್ಟು ಕಾಲವೇ ಗಡುವು. ತಯಾರಕನಿಗೆ ಇರುವ ರಕ್ಷಣೆಯೆಲ್ಲ ಈ ಗಡುವಿನಲ್ಲೇ ಇದೆ. ಮಳಿಗೆಯ ಕರಾರು ಹಿಗ್ಗಿಸುವುದೂ ಅದನ್ನೇ. ದಿನಗಳ ಲೆಕ್ಕ ಹೋಗಿ ‘ಸೀಸನ್ ಮುಗಿಯುವವರೆಗೆ’ ಎಂದಾಗುತ್ತದೆ; ಸೀಸನ್ ಯಾವಾಗ ಮುಗಿಯಿತೆಂದು ಹೇಳುವ ಅಧಿಕಾರ ಮಳಿಗೆಯದೇ. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ತಡವಾದರೆ ಭಾರಿ ಬಡ್ಡಿಯನ್ನೂ ವಿಧಿಸುತ್ತದೆ. ‘ನಾವಿನ್ನೂ ಕೊಂಡೇ ಇಲ್ಲವಲ್ಲ’ ಎಂದು ಮಳಿಗೆ ಅದರಿಂದಲೂ ಜಾರಿಕೊಳ್ಳುತ್ತದೆ. ಜಿಎಸ್‌ಟಿ ಮಾತ್ರ ಕಾಯುವುದಿಲ್ಲ: ಒಪ್ಪಿಗೆಗೆಂದು ಕಳಿಸಿದ ಮಾಲು ಆರು ತಿಂಗಳಾದರೂ ಹಿಂದಿರುಗದಿದ್ದರೆ ಬಿಲ್ ಹಾಕಲೇಬೇಕು, ಬಾರದ ಹಣಕ್ಕೂ ತೆರಿಗೆ ಕಟ್ಟಬೇಕು.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ, ತೆರಿಗೆಯನ್ನು ಬದಿಗಿಟ್ಟು. 1,200 ರೂಪಾಯಿ ಎಂಆರ್‌ಪಿಯ ಕುರ್ತಾ, ಮಳಿಗೆಯ ಪಾಲು ನೂರಕ್ಕೆ 35. ತಯಾರಕನಿಗೆ ಉಳಿಯುವುದು 780. ಬಟ್ಟೆ, ಬಣ್ಣ, ಹೊಲಿಗೆ ಸೇರಿ ಅವನಿಗೆ ತಗಲಿದ್ದು 550. ನೂರು ಕುರ್ತಾ ಕಳಿಸಿದರೆ 55,000 ಹೂಡಿದಂತೆ. ಅರವತ್ತು ಮಾರಾಟವಾದರೆ ಕೈಗೆ ಬರುವುದು 46,800. ಮಾಲಿಗೆಂದು ಒಂದು ರೂಪಾಯಿಯನ್ನೂ ಹೂಡದ ಮಳಿಗೆಗೆ ಅಷ್ಟರಲ್ಲೇ 25,200 ಸಿಕ್ಕಿರುತ್ತದೆ. ತಯಾರಕನ ಅಸಲು, ಲಾಭ ಎರಡೂ ವಾಪಸು ಬರುವ ನಲವತ್ತು ಕುರ್ತಾಗಳಲ್ಲಿ ಸಿಕ್ಕಿಕೊಂಡಿವೆ.

ಆ ನಲವತ್ತರ ಗಂಟನ್ನು ಬಿಚ್ಚಿ ನೋಡಬೇಕು. ಎಂ, ಎಲ್ ಖಾಲಿಯಾಗಿ ಎಸ್ ಮತ್ತು ಡಬಲ್ ಎಕ್ಸ್‌ಎಲ್ ಮಾತ್ರ ಉಳಿದಿರುತ್ತವೆ. ಸೈಜುಗಳ ಸೆಟ್ ಒಡೆದ ಮಾಲನ್ನು ಬೇರೆ ಅಂಗಡಿಯವರು ಮುಟ್ಟುವುದಿಲ್ಲ. ಟ್ರಯಲ್ ರೂಮಿನಲ್ಲಿ ಹತ್ತು ಜನ ತೊಟ್ಟು ಬಿಚ್ಚಿದ ಕುರ್ತಾದ ಕೊರಳಪಟ್ಟಿಗೆ ಪೌಡರು ಮೆತ್ತಿರುತ್ತದೆ, ಕಂಕುಳ ಹೊಲಿಗೆ ಸಡಿಲವಾಗಿರುತ್ತದೆ. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದ ಬಟ್ಟೆಯಾದರೆ, ಬೆಳಕು ಬಿದ್ದ ಮಡಿಕೆಯ ಅಂಚಿನಲ್ಲಿ ಉದ್ದಕ್ಕೂ ಒಂದು ಮಾಸಲು ಗೆರೆ. ಇದನ್ನು ಹೊಸ ಬಟ್ಟೆಯೆಂದು ಯಾರಿಗೆ ಮಾರುವುದು?

ಎಸ್‌ಒಆರ್ ಮಾರುಕಟ್ಟೆಯ ಪ್ರಾಮಾಣಿಕ ಪರೀಕ್ಷೆ ಎನ್ನುವವರಿದ್ದಾರೆ. ಗಿರಾಕಿಗೆ ಹಿಡಿಸಿದ್ದು ಉಳಿಯುತ್ತದೆ, ಹಿಡಿಸದ್ದು ಹಿಂದಿರುಗುತ್ತದೆ ಎಂಬುದು ಅವರ ವಾದ. ಅವರು ಕೌಂಟರಿನ ಆಚೆ ಬದಿಯನ್ನು ನೋಡಿಲ್ಲ. ದುಡ್ಡು ಹಾಕಿ ಕೊಂಡ ಮಾಲನ್ನು ಅಂಗಡಿಯವನು ಕಣ್ಣಳತೆಯಲ್ಲಿ ನೇತುಹಾಕುತ್ತಾನೆ, ಕೆಲಸದ ಹುಡುಗರಿಗೆ ‘ಇದನ್ನು ತೋರಿಸಿ’ ಎನ್ನುತ್ತಾನೆ, ಮಾರಾಟವಾಗದಿದ್ದರೆ ಯಾಕೆಂದು ವಿಚಾರಿಸುತ್ತಾನೆ. ದುಡ್ಡು ಹಾಕದ ಮಾಲು ಮೂಲೆ ಸೇರುತ್ತದೆ. ನಷ್ಟದ ಭಯವಿಲ್ಲದ ಮಳಿಗೆ ಪರೀಕ್ಷೆಯನ್ನೇ ನಡೆಸುವುದಿಲ್ಲ. ಫಲಿತಾಂಶವನ್ನು ಮಾತ್ರ ತಯಾರಕನ ತಲೆಗೆ ಕಟ್ಟುತ್ತದೆ.

ಇದೇ ಗುಂಪಿನವರು ಹೆಗ್ಗೋಡಿನ ಚರಕವನ್ನೂ ಎಳೆದು ತರುತ್ತಾರೆ. ಗ್ರಾಮೀಣ ಮಹಿಳೆಯರ ಆ ಸಹಕಾರ ಸಂಘ ತಾನು ತಯಾರಿಸಿದ ಕೈಮಗ್ಗದ ಉಡುಪನ್ನು ‘ದೇಸಿ’ ಎಂಬ ತನ್ನದೇ ಮಳಿಗೆಗಳ ಮೂಲಕ ಮಾರಿತು. 2020ರಲ್ಲಿ ಅದು ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ್ದನ್ನು ತೋರಿಸಿ, ದೊಡ್ಡ ಮಳಿಗೆಗಳಿಂದ ದೂರ ಉಳಿದವರ ಗತಿ ಇದು ಎಂದು ತೀರ್ಪು ಕೊಡುವುದು ಅನ್ಯಾಯ. ಅದು ಲಾಕ್‌ಡೌನಿನ ವರ್ಷ. ಆಗ ಸರಣಿ ಮಳಿಗೆಗಳೇನು ಕ್ಷೇಮವಾಗಿದ್ದವೇ? ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ 2022ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಯ ಕಟಕಟೆ ಹತ್ತಿತು. ಅಂಥ ಕಂಪನಿ ಮಾರಾಟಕ್ಕೆ ಬಂದಾಗ ಕಾಯ್ದೆಯ ಸಾಲಿನಲ್ಲಿ ಒತ್ತೆಯಿಟ್ಟುಕೊಂಡ ಬ್ಯಾಂಕುಗಳು ಮುಂದೆ, ಮಾಲು ಕೊಟ್ಟು ಬಾಕಿಗೆ ಕಾಯುವವರು ಬಹಳ ಹಿಂದೆ. ಸ್ವಂತ ಮಳಿಗೆಯ ಸೋಲನ್ನು ಹಿಗ್ಗಿಸಿ ಹೇಳುವವರು ಈ ಸಾಲಿನ ಕೊನೆಯಲ್ಲಿ ನಿಂತವರ ಬಗ್ಗೆ ಒಂದಕ್ಷರ ಬರೆದಿದ್ದನ್ನು ನಾನು ಕಂಡಿಲ್ಲ.

ಮಳಿಗೆಗೂ ಬಾಡಿಗೆ, ಕರೆಂಟು, ಸಂಬಳದ ಹೊರೆ ಇದೆ, ನಿಜ. ಹೆಸರೇ ಕೇಳದ ಬ್ರ್ಯಾಂಡಿಗೆ ಜಾಗ ಕೊಡುವುದರಲ್ಲಿ ಅಪಾಯವೂ ಇದೆ. ಆ ಅಪಾಯಕ್ಕೆಂದೇ ನೂರಕ್ಕೆ 35ರ ಪಾಲು ಇರುವುದು. ಪಾಲನ್ನೂ ಪಡೆದು ಅಪಾಯವನ್ನೂ ದಾಟಿಸುವುದು ವ್ಯಾಪಾರವಲ್ಲ; ಬಡ್ಡಿಯಿಲ್ಲದೆ ಸಾಲ ಎತ್ತುವ ಉಪಾಯ. ಇಲ್ಲಿ ಸಾಲ ಕೊಡುತ್ತಿರುವವರು ನೇಕಾರರು, ಟೈಲರುಗಳು.

ಹೊಸಬರು ಮೊದಲು ಹುಡುಕಬೇಕಾದ್ದು ಹನ್ನೆರಡೇ ಪೀಸಾದರೂ ನಗದಿಗೆ ಕೊಳ್ಳುವ ಸಣ್ಣ ಅಂಗಡಿಯನ್ನು. ಅವನು ಎರಡನೇ ಸಲ ಆರ್ಡರ್ ಕೊಟ್ಟರೆ ಅದೇ ನಿಜವಾದ ಪ್ರಮಾಣಪತ್ರ. ದೊಡ್ಡ ಮಳಿಗೆಗೆ ಹೋಗಲೇಬೇಕಾದರೆ ತೊಂಬತ್ತು ದಿನಗಳ ಗಡುವು, ಪೂರ್ತಿ ಸೆಟ್ಟಿನಲ್ಲೇ ವಾಪಸಾತಿ, ಹಾಳಾದ ಮಾಲಿನ ಹೊಣೆ ಮಳಿಗೆಗೆ, ರಿಯಾಯಿತಿಯ ಹೊರೆ ಇಬ್ಬರಿಗೂ: ಈ ನಾಲ್ಕನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಬರೆದುಕೊಡಲು ಒಪ್ಪದ ಮಳಿಗೆಗೆ ಮಾಲು ಕಳಿಸದಿರುವುದೇ ಲಾಭ.