ಹಳದಿ ಕ್ಯಾಸೆಟ್ಟಿನ ಲೋಕ

1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ ಮತ್ತವರ ಸಂಗಡಿಗರು ರಚಿಸಿದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟವು, ತೊಂಬತ್ತರ ದಶಕದಲ್ಲಿ, ಕೊಬ್ಬರಿ ಮಾರಿದ ಹಣದಲ್ಲಿ ತಿಪಟೂರಿನಿಂದ ತಂದ ನಕಲಿ ವಿಡಿಯೊ ಗೇಮ್ ಯಂತ್ರದ ಹಳದಿ ಕ್ಯಾಸೆಟ್ಟಿನೊಳಗೆ ಅಡಗಿ ತುರುವೇಕೆರೆಯ ನಮ್ಮ ತೋಟದ ಮನೆಯನ್ನು ಹೊಕ್ಕಾಗ, ಅದರ ನಿರ್ಮಾಣಕೌಶಲವನ್ನು ಗ್ರಹಿಸುವ ವಯಸ್ಸು ನಮ್ಮದಾಗಿರಲಿಲ್ಲ. ಕ್ಯಾಸೆಟ್ಟಿನ ಬಾಯಿಗೆ ಊದಿ ಧೂಳು ಹಾರಿಸುವುದು, ಕರೆಂಟು ಹೋದರೆ ಮತ್ತೆ ಮೊದಲಿನಿಂದ ತೊಡಗುವುದು, ಇಷ್ಟೇ ನಮ್ಮ ವಿದ್ಯೆ. ಇಡೀ ಆಟವು ಸುಮಾರು 40 ಕಿಲೋಬೈಟುಗಳಲ್ಲಿ ಅಡಕವಾಗಬೇಕಾಗಿದ್ದುದರಿಂದ ಆಗಸದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿಯನ್ನಿತ್ತು, ಬಣ್ಣವನ್ನು ಮಾತ್ರ ಬದಲಿಸಿದ ಆ ಮಿತವ್ಯಯವನ್ನು ನಾನು ಮನಗಂಡದ್ದು ಬಹುಕಾಲದ ಮೇಲೆ. ಗರಿಯಿಂದ ಚಿಪ್ಪಿನವರೆಗೆ ಏನನ್ನೂ ಬಿಸುಡದ ನಮ್ಮ ತೆಂಗಿನ ಸೀಮೆಯವರಿಗೆ ಅದು ಮೆಚ್ಚಾಗದೆ ಇರದು.

1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ವಿಡಿಯೊ ಗೇಮ್ ಸಂಸ್ಥೆಯನ್ನು ಸ್ಥಾಪಿಸಿದಾಗ ಆಟ ಕಟ್ಟುವ ಈ ಕಲೆ ನಮ್ಮ ನಾಡಿನ ಉದ್ಯಮವೂ ಆಯಿತು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಸೋದರಳಿಯನ ಮೊಬೈಲಿನಲ್ಲಿ ಈಗ ಆಟ ಉಚಿತ, ಆಟದ ವೀರನ ಉಡುಪಿಗೆ ಮಾತ್ರ ಬೆಲೆ! ಆ ಚಿತ್ರವೈಭವಕ್ಕೆ ಬೆರಗಾಗುವೆನಲ್ಲದೆ ಆಡಲು ಮನಸ್ಸಾಗದು. ಮಾರಿಯೊವಿನಲ್ಲಾದರೋ, ಆರಂಭದಲ್ಲೇ ಎದುರಾಗಿ ಬರುವ ಅಣಬೆಯಾಕಾರದ ವೈರಿಯು, ಒಂದಕ್ಷರದ ಸೂಚನೆಯೂ ಇಲ್ಲದೆ, ನೆಗೆಯುವುದನ್ನು ಕಲಿಸಿಬಿಡುತ್ತದೆ. ಆ ಹಳೆಯ ಆಟವನ್ನು ಆಡಲು ಕೊಟ್ಟಾಗ ಅಳಿಯ ಮೊದಲ ಸಲ ಆ ವೈರಿಗೆ ಬಲಿಯಾದ. “ಮಾವ, ಇನ್ನೊಂದ್ಸಲ ಕೊಡಿ” ಎಂದ.