ನಿಕಿತಿನನು ಕಂಡ ಬೀದರ

ತ್ವೇರ್ ನಗರದ ವರ್ತಕನಾದ ಅಫನಾಸಿ ನಿಕಿತಿನನ 'ಮೂರು ಸಮುದ್ರಗಳಾಚೆಯ ಯಾತ್ರೆ' ಎಂಬ ರಷ್ಯನ್ ಗ್ರಂಥವು ಬೀದರ ಸೀಮೆಯ ವಾಚಕರಿಗೆ ವಿಶೇಷವಾಗಿ ವಿಚಾರಾರ್ಹವಾದುದು. 1470ರ ಸುಮಾರಿಗೆ, ಮೂರನೆಯ ಮುಹಮ್ಮದ ಶಹನು ಬಹಮನಿ ಸಿಂಹಾಸನದಲ್ಲಿಯೂ ಮಹಮೂದ ಗವಾನನು ಮಂತ್ರಿಪದವಿಯಲ್ಲಿಯೂ ಇದ್ದಾಗ ಈತನು ಇಲ್ಲಿಗೆ ಬಂದನು. ಪರದೇಶಿಯ ಹೆಜ್ಜೆಹೆಜ್ಜೆಯ ಮೇಲೂ ಪ್ರಭುತ್ವದ ಕಣ್ಣಿರುವ ರಾಜ್ಯವನ್ನು ಹೊಕ್ಕವನು ಏನನ್ನು ಕಾಣಬಲ್ಲನು, ಏನನ್ನು ಬರೆಯಬಲ್ಲನು? ಈ ಪ್ರಶ್ನೆಯೇ ಗ್ರಂಥಪರೀಕ್ಷೆಗೆ ಒರೆಗಲ್ಲು.

ಗ್ರಂಥದ ಜೀವಾಳವು ಸ್ವಭಾವೋಕ್ತಿ. ಇಂದು ಮೈಲೂರಿನ ಮಕ್ಕಳೂ ನಿರ್ಭಯವಾಗಿ ನೋಡಿಬರುವ ಕೋಟೆಯಲ್ಲಿ ಆತನು ಕಂಡುದು ಏಳು ಬಾಗಿಲುಗಳ ಅರಮನೆಯನ್ನು. ಒಂದೊಂದು ಬಾಗಿಲಲ್ಲಿ ನೂರು ಕಾವಲುಗಾರರು, ನೂರು ಕರಣಿಕರು, ಒಳಹೋಗುವವರನ್ನೂ ಹೊರಬರುವವರನ್ನೂ ಬರೆದಿಡುವುದೇ ಕರಣಿಕರ ಉದ್ಯೋಗ, ಪರದೇಶಿಗೆ ಪ್ರವೇಶವಿಲ್ಲ. ರಾತ್ರಿ ಕೊತ್ವಾಲನ ಸಾವಿರ ಸವಾರರು ದೀವಟಿಗೆ ಹಿಡಿದು ಊರು ಕಾಯುವರು. ಭಯವನ್ನು ಹೆಸರಿಸದೆಯೇ ಭಯವು ಇಲ್ಲಿ ವ್ಯಂಗ್ಯವಾಗಿದೆ. ಸರದಾರರ ಬೆಳ್ಳಿಯ ಮಂಚಗಳನ್ನು ವರ್ಣಿಸಿದ ಲೇಖನಿಯೇ ಹಳ್ಳಿಗರ ದೈನ್ಯವನ್ನೂ ಬರೆಯಿತು.

ಇಂದು ಉತ್ತರ ಕೊರಿಯಾದಂತಹ ದೇಶವನ್ನು ನೋಡಹೋಗುವವನು ಸರಕಾರದ ಮಾರ್ಗದರ್ಶಿಯು ತೋರಿದುದನ್ನು ಮಾತ್ರ ನೋಡಿ ಮರಳಬೇಕಾಗುತ್ತದೆ. ನಿಕಿತಿನನಿಗೆ ಬೇರೊಂದು ದಾರಿ ದೊರೆಯಿತು. ಖೋಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿನಿಂದ ತಿರುಗುತ್ತಿದ್ದವನು, ತಾನು ಕ್ರೈಸ್ತನೆಂಬ ನಿಜವನ್ನು ಬೀದರದ ಹಿಂದೂಗಳಿಗೆ ಅರುಹಿದನು. ಅನಂತರ ಅವರು ತಮ್ಮ ಊಟ, ವ್ಯಾಪಾರ, ಪೂಜೆಗಳನ್ನು ಆತನಿಂದ ಮರೆಸಲಿಲ್ಲ. ಅರಮನೆ ಮುಚ್ಚಿದ್ದರೂ ಮನೆಗಳು ತೆರೆದವು. ಗ್ರಂಥದ ಉತ್ತಮಭಾಗವು ಆ ಮನೆಗಳಿಂದ ಬಂದುದು.

ದೋಷಗಳೂ ಇಲ್ಲದಿಲ್ಲ. ಬೆಂಕಿಯುಗುಳುವ ಹಕ್ಕಿ, ಸೈನ್ಯವುಳ್ಳ ಕಪಿರಾಜ ಮುಂತಾದ ಕೇಳಿದ ಕಥೆಗಳನ್ನು ಕಂಡ ಸಂಗತಿಗಳೊಡನೆ ಬೆರೆಸಿದುದು ಅನುಚಿತ. ಸೇನಾಸಂಖ್ಯೆಗಳಲ್ಲಿ ಅತಿಶಯೋಕ್ತಿಯ ಶಂಕೆಗೆ ಎಡೆಯುಂಟು.

ಆದರೆ ವಿಮರ್ಶಕನು ನಿಂತು ನೋಡಬೇಕಾದ ಸ್ಥಳವು ಬೇರೆ. ತನ್ನ ರಷ್ಯಾದೇಶಕ್ಕೆ ಸಮನಾದ ದೇಶವಿಲ್ಲವೆಂದು ಪ್ರಾರ್ಥಿಸುವಾಗ, ಅಲ್ಲಿಯ ಪ್ರಭುಗಳು ಮಾತ್ರ ನ್ಯಾಯವಂತರಲ್ಲವೆಂಬ ಮಾತನ್ನು ಆತನು ತುರುಕಭಾಷೆಯಲ್ಲಿ ಬರೆದನು. ಸುಲ್ತಾನನ ಕಾವಲನ್ನು ತಾಯ್ನುಡಿಯಲ್ಲಿ ಬಣ್ಣಿಸಿದವನು ಸ್ವದೇಶದ ಅನ್ಯಾಯಕ್ಕೆ ಪರಭಾಷೆಯ ಮುಸುಕನ್ನು ಹೊದಿಸಿದನು. ಇದಕ್ಕೆ ಭಯವು ಕಾರಣವೋ, ನಾಲ್ಕಾರು ಭಾಷೆಗಳನ್ನು ಬೆರೆಸುವ ಆತನ ರೂಢಿಯು ಕಾರಣವೋ, ವಾಚಕರು ನಿರ್ಣಯಿಸಲಿ. ಅಂತೂ ಪರರ ಕೋಟೆಬಾಗಿಲನ್ನು ಎಣಿಸುತ್ತ ತನ್ನ ಊರಿನ ಬಾಗಿಲನ್ನೂ ನೆನೆದುದರಿಂದಲೇ ಆತನ ಬರಹವು ಬರಿಯ ಕೌತುಕದ ಪಟ್ಟಿಯಾಗದೆ ಉಳಿಯಿತು. ಸ್ವದೇಶವನ್ನು ಕಾಣದೆಯೇ ಸ್ಮೋಲೆನ್ಸ್ಕ್ ಸಮೀಪದಲ್ಲಿ ಆತನು ತೀರಿಕೊಂಡನು. ಗ್ರಂಥವು ಮಾತ್ರ ಊರು ಸೇರಿತು.