ಕಂಬಳಿ ಕಾಣಿಸುವ ಬೆಳಕು

ನಾಯಕನಹಟ್ಟಿಯಿಂದ ಚಳ್ಳಕೆರೆ ಕಡೆಗೋ ಮೊಳಕಾಲ್ಮೂರು ಕಡೆಗೋ ರಾತ್ರಿ ಗಾಡಿ ಓಡಿಸುವವರಿಗೆ ಹೆಡ್‌ಲೈಟು ಬೇಕಿರುವುದು ಏನನ್ನು ನೋಡಲು? ಎದುರು ಬರುವ ಲಾರಿ ತನ್ನ ದೀಪ ತಾನೇ ಹೊತ್ತು ತರುತ್ತದೆ, ಅದನ್ನು ಹುಡುಕಬೇಕಾಗಿಲ್ಲ. ಹುಡುಕಬೇಕಾದವೆಲ್ಲ ಎಡಗಡೆ ಅಂಚಿನಲ್ಲಿರುತ್ತವೆ: ಹಿಂದೆ ಕೆಂಪು ದೀಪವಿಲ್ಲದ ಶೇಂಗಾ ಟ್ರಾಲಿ, ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿ ರಥೋತ್ಸವಕ್ಕೆ ಹೊರಟ ಎತ್ತಿನ ಗಾಡಿ, ಮಂದೆಯ ಹಿಂದೆ ಕರಿ ಕಂಬಳಿ ಹೊದ್ದು ನಡೆಯುವ ಕುರಿಗಾಹಿ. ಕರಿ ಕಂಬಳಿ ಬೆಳಕು ನುಂಗುವ ವಸ್ತು, ಬಿದ್ದದ್ದರಲ್ಲಿ ಅತಿ ಸ್ವಲ್ಪವನ್ನಷ್ಟೇ ವಾಪಸು ಕೊಡುತ್ತದೆ. ಅದನ್ನು ಐವತ್ತು ಅರವತ್ತು ಮೀಟರ್ ದೂರದಲ್ಲೇ ಕಾಣಿಸುವ ಲೈಟೇ ಈ ಸೀಮೆಗೆ ಒಳ್ಳೆಯ ಲೈಟು. ಆದರೆ ಅಂಗಡಿಯಲ್ಲಿ ಬಲ್ಬು ಕೊಳ್ಳುವಾಗ ನಾವು ನೋಡುವುದು ಬಾನೆಟ್ಟಿನ ಮುಂದಿನ ಹತ್ತು ಮೀಟರ್ ಎಷ್ಟು ಬೆಳ್ಳಗಾಯಿತು ಎಂಬುದನ್ನು. ಹತ್ತಿರದ ನೆಲ ಹೆಚ್ಚು ಬೆಳಗಿದಷ್ಟೂ ಕಣ್ಣಿನ ಪಾಪೆ ಕಿರಿದಾಗಿ ದೂರದ ಮಸುಕು ವಸ್ತು ಇನ್ನಷ್ಟು ಮಸುಕಾಗುತ್ತದೆ. ಲೈಟು ಸಾಲದು ಅನಿಸಿದಾಗ ಬಲ್ಬು ಮುಟ್ಟಬೇಕಾದದ್ದು ಕಟ್ಟಕಡೆಗೆ. ನಮ್ಮಲ್ಲಿ ಮೊದಲು ಕೈ ಹೋಗುವುದೇ ಅಲ್ಲಿಗೆ. ಹೊಸ ಫಿಟಿಂಗಿನ ತರಲೆಗಳಲ್ಲಿ ಬಹುಪಾಲು ಈ ಹಿಂದುಮುಂದಾದ ಕ್ರಮದಿಂದಲೇ ಹುಟ್ಟುತ್ತವೆ.

ಕಂಪನಿ ಕೊಟ್ಟ ಲೈಟು ನಿಜಕ್ಕೂ ಮಂಕು, ಸುಮ್ಮನೆ ಯಾರೂ ದುಡ್ಡು ಸುರಿಯುವುದಿಲ್ಲ ಎಂಬ ಮಾತಿದೆ. ಒಪ್ಪಬೇಕಾದ ಮಾತೇ. ಆದರೆ ಮಂಕು ಇರುವುದು ಬಲ್ಬಿನಲ್ಲೋ, ವೈರಿನಲ್ಲೋ? ಸಾಮಾನ್ಯ ಎಚ್-4 ಹ್ಯಾಲೊಜನ್ ಬಲ್ಬು 60/55 ವ್ಯಾಟಿನದು, ಒಂದೊಂದೂ ಸುಮಾರು 5 ಆಂಪಿಯರ್ ಎಳೆಯುತ್ತದೆ. ಹಳೆಯ ಜೀಪು, ಪಿಕಪ್ಪುಗಳಲ್ಲಿ ಈ ಕರೆಂಟು ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಅಲ್ಲಿಂದ ಡಿಪ್ ಸ್ವಿಚ್ಚು, ಮತ್ತೆ ಮುಂದಿನ ತನಕ ತೆಳು ವೈರಿನಲ್ಲಿ ಸುತ್ತಿ ಬರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು, ಉರಿಯುತ್ತಿರುವ ಬಲ್ಬಿನ ಹೋಲ್ಡರಿನಲ್ಲಿ 12.4 ಮಾತ್ರ ಸಿಕ್ಕಿತೆನ್ನಿ. ವೋಲ್ಟೇಜು ಕಡಿಮೆಯಾದದ್ದು ನೂರಕ್ಕೆ ಹತ್ತು, ಬೆಳಕು ಕಡಿಮೆಯಾಗುವುದು ನೂರಕ್ಕೆ ಮೂವತ್ತು! ಹ್ಯಾಲೊಜನ್ನಿನ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆ ಘಾತದಂತೆ ಏರಿಳಿಯುವುದೇ ಇದಕ್ಕೆ ಕಾರಣ. ಇದೇ ವೈರಿಗೆ 100/90 ಬಲ್ಬು ಹಾಕಿದರೆ ನಷ್ಟ ಇನ್ನೂ ಹೆಚ್ಚುತ್ತದೆ. ಕರೆಂಟು ಒಂದೂವರೆ ಪಟ್ಟಾದರೆ ವೈರಿನ ಬಿಸಿ ಎರಡೂಕಾಲು ಪಟ್ಟು. ಕೊಂಡ ವ್ಯಾಟುಗಳಲ್ಲಿ ಒಂದು ಪಾಲು ರಸ್ತೆಗೆ ಹೋಗದೆ ಹೋಲ್ಡರನ್ನು ಕಂದು ಮಾಡುವುದಕ್ಕೆ, ಡಿಪ್ ಸ್ವಿಚ್ಚನ್ನು ಕರಗಿಸುವುದಕ್ಕೆ ವ್ಯಯವಾಗುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಹೋಲ್ಡರಿನ ಪ್ಲಸ್ಸಿಗೆ ಮುಟ್ಟಿಸಿ, ಲೈಟು ಉರಿಯುತ್ತಿರುವಾಗಲೇ ಅಳೆದರೆ ಹಾದಿಯಲ್ಲಿ ಕಳೆದುಹೋದ ವೋಲ್ಟು ನೇರ ಓದಿಗೆ ಸಿಗುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಮದ್ದು ಬಲ್ಬಲ್ಲ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರು ತಂದು ರಿಲೇ ಹಾಕಬೇಕು, ಹಳೆಯ ಸ್ವಿಚ್ಚು ರಿಲೇಯನ್ನು ಎಬ್ಬಿಸುವ ಕೆಲಸ ಮಾಡಿದರೆ ಸಾಕು. ಅದೇ 60/55 ಬಲ್ಬು ಆಮೇಲೆ ಬೇರೆಯದೇ ಬಲ್ಬಿನಂತೆ ಉರಿಯುತ್ತದೆ.

ಅರ್ಥಿನ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದರ ರೋಗಲಕ್ಷಣ ಎಂಥವರನ್ನೂ ದಾರಿ ತಪ್ಪಿಸುತ್ತದೆ. ಲೋ ಬೀಮ್ ಹಾಕಿದ್ದೀರಿ. ಒಂದು ಕಡೆಯ ಬಲ್ಬು ಸೊರಗಿದೆ, ಅದರೊಳಗಿನ ಲೋ, ಹೈ ಎರಡೂ ತಂತಿಗಳು ಮಿಣಮಿಣ ಎನ್ನುತ್ತಿವೆ, ಮೀಟರಿನಲ್ಲಿ ಹೈ ಬೀಮಿನ ನೀಲಿ ದೀಪವೂ ಸಣ್ಣಗೆ ಬೆಳಗುತ್ತಿದೆ. ನೋಡಿದವರು ಬಲ್ಬು ಡೂಪ್ಲಿಕೇಟು ಅನ್ನುತ್ತಾರೆ, ಇಲ್ಲವೇ ಸ್ವಿಚ್ಚಿಗೆ ಕೈ ಹಾಕುತ್ತಾರೆ. ನಡೆದಿರುವುದು ಇಷ್ಟೆ: ಆ ಬಲ್ಬಿನ ಅರ್ಥ್ ವೈರು ಬಾಡಿಗೆ ಸರಿಯಾಗಿ ಕೂತಿಲ್ಲ. ಲೋ ತಂತಿ ದಾಟಿದ ಕರೆಂಟಿಗೆ ಇಳಿಯಲು ನೆಲ ಸಿಗದೆ, ಹೈ ತಂತಿಯನ್ನೇ ಹಿಮ್ಮುಖವಾಗಿ ಹಾದು, ಹೈ ಬೀಮಿನ ವೈರಿಗೆ ನುಗ್ಗಿ, ನೀಲಿ ದೀಪದ ಮೂಲಕವೂ ಪಕ್ಕದ ಬಲ್ಬಿನ ಮೂಲಕವೂ ಅರ್ಥ್ ಹುಡುಕಿಕೊಳ್ಳುತ್ತಿದೆ. ಹೊಸ ಡೂಮ್, ಅಂದರೆ ಹೆಡ್‌ಲೈಟಿನ ಗೂಡು, ಕೂರಿಸುವವರು ಅರ್ಥ್ ಬೋಲ್ಟನ್ನು ಪೇಂಟಿನ ಮೇಲೆಯೇ ಬಿಗಿದಾಗ ಆಗುವುದು ಇದೇ. ಉಪ್ಪುಕಾಗದದಿಂದ ಪೇಂಟು ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿ ಬಿಗಿದರೆ ಮುಗಿಯಿತು.

ಇಲ್ಲಿಗೆ ಬಂದಾಗ ಬಲವಾದ ಆಕ್ಷೇಪವೊಂದು ಏಳುತ್ತದೆ. ಎಲ್‌ಇಡಿ ಹಾಕಿದರೆ ಈ ವೈರಿನ ರಾಮಾಯಣವೇ ಬೇಡವಲ್ಲ? ಅದು ಎಳೆಯುವ ಕರೆಂಟು ಕಡಿಮೆ, ವೋಲ್ಟು ಸ್ವಲ್ಪ ಇಳಿದರೂ ಬೆಳಕು ಇಳಿಯದು. ವೈರಿನ ಮಟ್ಟಿಗೆ ಈ ಮಾತು ಸತ್ಯ. ತೊಡಕಿರುವುದು ಡೂಮಿನೊಳಗೆ. ಹ್ಯಾಲೊಜನ್ ಡೂಮಿನ ರಿಫ್ಲೆಕ್ಟರಿನ ಒಂದೊಂದು ಡೊಂಕೂ ಐದಾರು ಮಿಲಿಮೀಟರಿನ ಸಣ್ಣ ಸುರುಳಿಯೊಂದು ಇಂಥದೇ ಜಾಗದಲ್ಲಿ ಉರಿಯುತ್ತದೆಂದು ನಂಬಿ ರೂಪಿಸಿದ್ದು. ಎಚ್-4ರ ಲೋ ತಂತಿಯ ಕೆಳಗೆ ಪುಟ್ಟ ಬಟ್ಟಲಿನಂಥ ತಗಡಿದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕಷ್ಟೇ ಬಿದ್ದು ರಸ್ತೆಯ ಕಡೆಗೆ ಇಳಿಯಲಿ ಎಂದು ಅದನ್ನು ಇಟ್ಟಿರುವುದು. ಗೋಡೆಯ ಮೇಲೆ ಕಾಣುವ ಗೆರೆ ಹುಟ್ಟುವುದು ಅಲ್ಲಿಂದ: ಬಲಕ್ಕೆ ಮಟ್ಟಸ, ಎಡಕ್ಕೆ ಸುಮಾರು 15 ಡಿಗ್ರಿ ಮೇಲಕ್ಕೆ. ಆ ಎಡದ ಏರೇ ಕಂಬಳಿ ಕಾಣಿಸುವ ಬೆಳಕು. ಎಲ್‌ಇಡಿ ಬಲ್ಬಿನಲ್ಲಿ ಸುರುಳಿಯ ಬದಲು ಒಂದು ಪಟ್ಟಿ, ಅದರ ಎರಡು ಮಗ್ಗುಲಿಗೆ ಚಿಪ್ಪುಗಳು. ಪಟ್ಟಿಯ ದಪ್ಪದಷ್ಟು ಬೆಳಕಿನ ಜಾಗ ಸರಿದರೂ ಗೆರೆ ಕದಡುತ್ತದೆ. ಬಲಕ್ಕೆ ಚೆಲ್ಲಿದ್ದು ಎದುರಿನವರ ಕಣ್ಣಿಗೆ, ಮೇಲಕ್ಕೆ ಚೆಲ್ಲಿದ್ದು ಈ ಸೀಮೆಯ ಧೂಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು. ಈಗಾಗಲೇ ಹಾಕಿಸಿದ್ದರೆ ಒಂದನ್ನಾದರೂ ನೋಡಬೇಕು: ಚಿಪ್ಪುಗಳು ನೇರ ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು, ಮೇಲೆ ಕೆಳಗೆ ಅಲ್ಲ. ತಿರುಗಿ ಕೂತಿದ್ದರೆ ಹಿಂದಿನ ಕಾಲರ್ ಸಡಿಲಿಸಿ ಸರಿಮಾಡಬಹುದು. ಹಿಂದಿನ ಫ್ಯಾನಿಗೆ ಜಾಗ ಸಾಲದೆಂದು ರಬ್ಬರ್ ಕ್ಯಾಪು ಕಿತ್ತೆಸೆಯುವ ರೂಢಿಯಂತೂ ಈ ಒಣ ಗಾಳಿಯ ನಾಡಿನಲ್ಲಿ ಡೂಮಿನೊಳಕ್ಕೆ ಧೂಳನ್ನು ಬಾ ಎಂದು ಕರೆದಂತೆ. ಹಳೆಯ ಬೈಕುಗಳ ಕತೆ ಇನ್ನೊಂದು: ಅವುಗಳಲ್ಲಿ ಹಲವಕ್ಕೆ ಹೆಡ್‌ಲೈಟಿಗೆ ಬರುವುದೇ ಎಸಿ ಕರೆಂಟು, ರೇಸು ಏರಿಸಿದಂತೆ ಏರುತ್ತದೆ. ಬರೀ ಡಿಸಿಗೆ ಮಾಡಿದ ಎಲ್‌ಇಡಿ ಅಲ್ಲಿ ಪಟಪಟ ಮಿನುಗಿದರೆ ಅದು ಬಲ್ಬಿನ ತಪ್ಪಲ್ಲ.

ಕಂಪನಿಯವರೇ ಈಗ ಎಲ್‌ಇಡಿ ಕೊಡುತ್ತಾರಲ್ಲ ಎಂದರೆ, ಹೌದು, ಆದರೆ ಅಲ್ಲಿ ರಿಫ್ಲೆಕ್ಟರನ್ನೋ ಲೆನ್ಸನ್ನೋ ಎಲ್‌ಇಡಿಗೆಂದೇ ಮಾಡಿರುತ್ತಾರೆ. ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರೆಯುವುದಿಲ್ಲ. ಎದುರಿನವನು ಡಿಪ್ ಮಾಡುವುದಿಲ್ಲ, ನಾನೇಕೆ ಬಿಡಲಿ ಎಂಬ ವಾದಕ್ಕೆ ಉತ್ತರವಾಗಿ ನೀತಿ ಬೇಡ, ಲೆಕ್ಕ ಸಾಕು: ಕುರುಡಾದ ಲಾರಿಯ ಚಾಲಕ ಸ್ಟೇರಿಂಗ್ ಹಿಡಿದು ಬರುತ್ತಿರುವುದು ನಮ್ಮ ಕಡೆಗೇ. ಕಾನೂನೂ ಈ ಲೆಕ್ಕವನ್ನೇ ಬರೆದಿಟ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದಂತೆ ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿಗಳ ಮೇಲೆ ಕೇಸು ಹಾಕತೊಡಗಿದ್ದೂ ಉಂಟು.

ಉಳಿದದ್ದು ಗೋಡೆಯ ಪರೀಕ್ಷೆ. ನಾಯಕನಹಟ್ಟಿ ಪಕ್ಕದ ಕುದಾಪುರದ ಸುತ್ತ ಕಾವಲಿನ ಹುಲ್ಲುಗಾವಲಿಗೆ ಕಾಂಪೌಂಡುಗಳು ಎದ್ದ ಮೇಲೆ ಈ ಕಡೆ ಗೋಡೆಗಂತೂ ಬರವಿಲ್ಲ. ಮಟ್ಟಸ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದರೆ, ಲೋ ಬೀಮಿನ ಮಟ್ಟಸ ಅಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಇದನ್ನು ಖಾಲಿ ಗಾಡಿಯಲ್ಲಿ ಮಾಡಿ ಬಿಡುವುದು ಅರ್ಧ ಕೆಲಸ. ಶೇಂಗಾ ಮೂಟೆ ಹೇರಿದ ಪಿಕಪ್ಪಿನ ಹಿಂಭಾಗ 6 ಸೆಂಟಿಮೀಟರ್ ಕುಸಿದರೆ, ಚಕ್ರಗಳ ನಡುವಿನ ಅಂತರ 3 ಮೀಟರ್ ಎಂದಿಟ್ಟುಕೊಂಡರೂ, ಮೂತಿ ನೂರಕ್ಕೆ ಎರಡರಷ್ಟು ಮೇಲೇಳುತ್ತದೆ. ಒಂದರಷ್ಟು ತಗ್ಗಿಸಿದ್ದ ಬೀಮು ಈಗ ಒಂದರಷ್ಟು ಮೇಲೆ ನೋಡುತ್ತಿದೆ: 80 ಸೆಂಟಿಮೀಟರ್ ಎತ್ತರದಿಂದ ಹೊರಟ ಬೆಳಕು ಐವತ್ತು ಮೀಟರಿನಲ್ಲಿ 1.3 ಮೀಟರ್ ಮುಟ್ಟುತ್ತದೆ, ಎದುರಿನ ಕಾರಿನವರ ಕಣ್ಣಿನ ಮಟ್ಟಕ್ಕೆ. ಹಲವು ಗಾಡಿಗಳಲ್ಲಿ ಸ್ಟೇರಿಂಗಿನ ಪಕ್ಕ 0ಯಿಂದ 3ರ ತನಕ ಅಂಕಿ ಬರೆದ ಸಣ್ಣ ಗಾಲಿಯೊಂದಿರುತ್ತದೆ. ಅದು ಇರುವುದು ಇದಕ್ಕೇ. ಅದಿಲ್ಲದ ಗಾಡಿಯಾದರೆ, ಮಂಡಿಗೆ ಹೊರಡುವ ಮುನ್ನ, ಮೂಟೆಗಳು ಮೇಲಿರುವಾಗಲೇ ಗೋಡೆಯ ಮುಂದೆ ನಿಲ್ಲಿಸಿ ಬೀಮು ತಗ್ಗಿಸುವ ಸ್ಕ್ರೂ ತಿರುಗಿಸಬೇಕು.